ಐದು ಕಿಲೋಮೀಟರ್ ಆಳದಲ್ಲಿ ಉಸಿರು: ‘ದಿ ಅಬಿಸ್’ ಎಷ್ಟು ನಿಜ?

ಪ್ರಶ್ನೆ: 1989ರ ‘ದಿ ಅಬಿಸ್’ ಸಿನಿಮಾವನ್ನು ಈಚೆಗೆ ನೋಡಿದೆ. ಅದರಲ್ಲಿ ಇಲಿಯೊಂದನ್ನು ಗುಲಾಬಿ ಬಣ್ಣದ ದ್ರವದಲ್ಲಿ ಮುಳುಗಿಸುತ್ತಾರೆ. ಅದು ದ್ರವವನ್ನೇ ಉಸಿರಾಡುತ್ತ ಬದುಕಿರುತ್ತದೆ. ಆಮೇಲೆ ನಾಯಕ ಬಡ್ ಅಂಥದೇ ದ್ರವ ತುಂಬಿದ ಹೆಲ್ಮೆಟ್ ತೊಟ್ಟು ಕಿಲೋಮೀಟರ್‌ಗಟ್ಟಲೆ ಕೆಳಗಿಳಿದು ಅನ್ಯಲೋಕದ ಜೀವಿಗಳನ್ನು ಕಾಣುತ್ತಾನೆ. ಇದರಲ್ಲಿ ನಿಜವೆಷ್ಟು? ಅಷ್ಟು ಆಳದಲ್ಲಿ ಆ ತೆಳ್ಳಗಿನ ಪಾರದರ್ಶಕ ಜೀವಿಗಳು ಜಜ್ಜಿಹೋಗದೆ ಇರಬಲ್ಲವೇ? ಕೊನೆಯಲ್ಲಿ ಎಲ್ಲರೂ ಒಮ್ಮೆಲೇ ಮೇಲೆ ಬಂದರೂ ಸಾಯದಿರುವುದು ಹೇಗೆ? ಚಿತ್ರಕ್ಕೆ ಎರಡು ಆವೃತ್ತಿಗಳಿವೆಯಂತೆ, ಯಾವುದನ್ನು ನೋಡಬೇಕು?

ಉತ್ತರ: ಇಲಿಯ ದೃಶ್ಯದಲ್ಲಿ ಕೈಚಳಕವಿಲ್ಲ. ಅಲ್ಲಿರುವುದು ಆಮ್ಲಜನಕ ತುಂಬಿಸಿದ ನಿಜವಾದ ಫ್ಲೂರೋಕಾರ್ಬನ್ ದ್ರವ, ಇಲಿಯೂ ಅದನ್ನು ನಿಜವಾಗಿಯೇ ಉಸಿರಾಡುತ್ತಿದೆ. ಪ್ರಾಣಿಹಿಂಸೆಯ ಕಾರಣಕ್ಕೆ ಬ್ರಿಟನ್ನಿನ ಸೆನ್ಸಾರ್ ಆ ತುಣುಕನ್ನು ತೆಗೆಸಿತ್ತು. ಬಡ್ ಪಾತ್ರ ಮಾಡಿದ ಎಡ್ ಹ್ಯಾರಿಸ್ ಮಾತ್ರ ದ್ರವವನ್ನು ಉಸಿರಾಡಲಿಲ್ಲ. ಹೆಲ್ಮೆಟ್ಟಿನೊಳಗೆ ದ್ರವ ತುಂಬಿದ್ದಾಗ ಅವರು ಉಸಿರು ಬಿಗಿಹಿಡಿದು ನಟಿಸಿದರು. ಇಲಿಗೂ ನಟನಿಗೂ ನಡುವಿನ ಈ ಅಂತರದಲ್ಲೇ ನಿಮ್ಮ ಮೊದಲ ಪ್ರಶ್ನೆಯ ಉತ್ತರವಿದೆ. ಅದಕ್ಕೆ ಬರುವ ಮೊದಲು, ಆಳ ನಮ್ಮ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಅದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳ ಗಂಟು ಅರ್ಧ ಬಿಚ್ಚಿದಂತೆ.

ಸಮುದ್ರದಲ್ಲಿ ಸುಮಾರು ಪ್ರತಿ ಹತ್ತು ಮೀಟರ್ ಇಳಿದಂತೆ ಒತ್ತಡ ಒಂದು ವಾಯುಭಾರದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು, ಏರುತ್ತದೆ. ಚಿತ್ರದಲ್ಲಿ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿ ಮುಳುಗಿ ಬಿದ್ದಿರುವುದು ಹೆಚ್ಚುಕಮ್ಮಿ 600 ಮೀಟರ್ ಆಳದಲ್ಲಿ. ಅಂದರೆ ಅಲ್ಲಿ ಅರವತ್ತು ವಾಯುಭಾರ. ಬಡ್ ಕೊನೆಗೆ ಇಳಿಯುವ ಕಂದಕದಲ್ಲಿ ಐನೂರಕ್ಕೂ ಮಿಕ್ಕಿ. ಈ ಸಂಖ್ಯೆ ಕೇಳಿದರೆ ಮೂಳೆ ಪುಡಿಯಾಗುವ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ನಮ್ಮ ದೇಹದ ಬಹುಪಾಲು ನೀರು. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ತೀರಾ ಕಡಿಮೆ, ಐದು ಕಿಲೋಮೀಟರ್ ಆಳದಲ್ಲೂ ಶೇಕಡ ಎರಡರ ಆಸುಪಾಸು. ಕುಗ್ಗುವುದು ಗಾಳಿ. ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಆಳಕ್ಕೆ ಒಯ್ದರೆ ಚಪ್ಪಟೆಯಾಗಿಹೋಗುತ್ತದೆ, ನೀರು ತುಂಬಿದ್ದನ್ನು ಒಯ್ದರೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಶ್ವಾಸಕೋಶ, ಕಿವಿಯ ಒಳಭಾಗ, ಮುಖದ ಮೂಳೆಗಳ ನಡುವಿನ ಪೊಳ್ಳುಗಳು, ಹೀಗೆ ಗಾಳಿ ಇರುವಲ್ಲೆಲ್ಲ ನಾವು ಖಾಲಿ ಬಾಟಲಿಗಳು. ಆಳದಲ್ಲಿ ಮನುಷ್ಯನ ಕಷ್ಟಗಳಲ್ಲಿ ಬಹುಪಾಲು ಅವನು ಒಳಗೆ ಹೊತ್ತುಕೊಂಡು ಹೋಗುವ ಅನಿಲದ್ದು.

ಇದನ್ನು ‘ದಿ ಅಬಿಸ್’ ಅರ್ಥಮಾಡಿಕೊಂಡಷ್ಟು ಚೆನ್ನಾಗಿ ಬೇರೆ ಯಾವ ಕಥಾಚಿತ್ರವೂ ಅರ್ಥಮಾಡಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಬಡ್ ಮತ್ತು ಸಂಗಡಿಗರು ವಾಸಿಸುವ ಸಮುದ್ರತಳದ ತೈಲ ಕೇಂದ್ರದ ನೆಲದಲ್ಲಿ ತೆರೆದ ಕೊಳವೊಂದಿದೆ, ಜನ ಅದರಿಂದಲೇ ನೀರಿಗಿಳಿದು ಹತ್ತುತ್ತಾರೆ. ನೀರು ಒಳಗೆ ನುಗ್ಗುವುದಿಲ್ಲ, ಏಕೆಂದರೆ ಒಳಗಿನ ಅನಿಲದ ಒತ್ತಡವನ್ನು ಹೊರಗಿನ ನೀರಿಗೆ ಸರಿಸಮ ಇಟ್ಟಿದ್ದಾರೆ. ಅಲ್ಲಿ ವಾಸಿಸುವವರ ರಕ್ತ, ಕೊಬ್ಬು, ನರಗಳಲ್ಲೆಲ್ಲ ಅದೇ ಒತ್ತಡದ ಅನಿಲ ಕರಗಿ ತುಂಬಿಕೊಂಡಿರುತ್ತದೆ. ಸ್ಯಾಚುರೇಶನ್ ಡೈವಿಂಗ್ ಎನ್ನುವುದು ಇದನ್ನೇ. ತೈಲ ಕಂಪನಿಗಳ ಡೈವರ್‌ಗಳು ದಶಕಗಳಿಂದ ಹೀಗೆ ಕೆಲಸ ಮಾಡುತ್ತಿದ್ದಾರೆ. ಆದರೆ ಅವರ ಸಾಮಾನ್ಯ ಮಿತಿ ಸುಮಾರು 300 ಮೀಟರ್. ಫ್ರಾನ್ಸಿನ ಕೋಮೆಕ್ಸ್ ಸಂಸ್ಥೆಯ ಡೈವರ್‌ಗಳು 1988ರಲ್ಲಿ ತೆರೆದ ಸಮುದ್ರದಲ್ಲೇ 534 ಮೀಟರ್ ಮುಟ್ಟಿದರು. 1992ರಲ್ಲಿ ಅದೇ ಸಂಸ್ಥೆಯ ಒತ್ತಡ ಕೋಣೆಯಲ್ಲಿ ಥಿಯೊ ಮಾವ್ರೊಸ್ಟೊಮೊಸ್ 701 ಮೀಟರಿಗೆ ಸಮನಾದ ಒತ್ತಡ ತಲುಪಿದರು. ಅದು ಇಂದಿಗೂ ಮನುಷ್ಯ ತಡೆದುಕೊಂಡ ಗರಿಷ್ಠ. ಹಾಗಾಗಿ ಚಿತ್ರದ ತೈಲ ಕೇಂದ್ರ ನಮ್ಮ ಸಾಮರ್ಥ್ಯದ ಅಂಚಿನಲ್ಲಿ ನಿಂತಿದೆ, ಅಂಚು ದಾಟಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ರಿಯಾಯಿತಿ ತೆಗೆದುಕೊಂಡಿದ್ದಾರೆ. ಅಷ್ಟು ಆಳದಲ್ಲಿ ಸಾರಜನಕ ಅಮಲೇರಿಸುವುದರಿಂದ ಬಹುಪಾಲು ಹೀಲಿಯಂ ಉಸಿರಾಡಬೇಕು. ಹೀಲಿಯಂನಲ್ಲಿ ಧ್ವನಿ ಕೀರಲಾಗಿ ಮಾತೇ ತಿಳಿಯದಂತಾಗುತ್ತದೆ. ಎರಡು ಗಂಟೆಗೂ ಮೀರಿದ ಚಿತ್ರವನ್ನು ಆ ಧ್ವನಿಯಲ್ಲಿ ಯಾರೂ ಕೇಳಲಾರರು, ಅದನ್ನು ಬಿಟ್ಟುಬಿಡೋಣ.

ಚಿತ್ರದ ಸೈನಿಕ ತಂಡದ ನಾಯಕ, ಕಾಫಿ ಎಂಬ ಹೆಸರಿನವನು, ಕೈ ನಡುಗಿ, ಬುದ್ಧಿ ಕೆಟ್ಟು, ಎಲ್ಲರಲ್ಲೂ ಶತ್ರುವನ್ನು ಕಾಣುತ್ತಾನಲ್ಲ, ಅದಕ್ಕೂ ನಿಜವಾದ ಹೆಸರಿದೆ: ಹೈ ಪ್ರೆಶರ್ ನರ್ವಸ್ ಸಿಂಡ್ರೋಮ್. ಸುಮಾರು 150–200 ಮೀಟರ್ ಆಳದಿಂದಲೇ ಅದು ತಲೆಹಾಕಬಹುದು. ಕೈ ನಡುಕ, ವಾಕರಿಕೆ, ಸ್ನಾಯುಗಳ ಎಳೆತ, ಎಚ್ಚರವಿದ್ದಂತೆಯೇ ಕ್ಷಣಕ್ಷಣ ತೂಕಡಿಕೆ, ಮಿದುಳಿನ ವಿದ್ಯುತ್ ಅಲೆಗಳಲ್ಲಿ ಬದಲಾವಣೆ. ಒತ್ತಡವನ್ನು ಬೇಗ ಏರಿಸಿದಷ್ಟೂ ತೀವ್ರ. ಕಾಫಿಯ ಹಾಗೆ ಕೊಲೆಗೆ ಇಳಿಯುವಷ್ಟು ಮತಿಭ್ರಮೆ ನಾಟಕೀಯ ಅತಿರೇಕ. ಆದರೆ ಆ ಮೊದಲ ನಡುಕ ಮತ್ತು ಅವನು ಅದನ್ನು ಮುಚ್ಚಿಡುವ ರೀತಿ ತುಂಬಾ ಸರಿಯಾಗಿ ಬಂದಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬೆನೆಟ್ ತಂಡ ಹೀಲಿಯಂಗೆ ಸ್ವಲ್ಪ ಸಾರಜನಕ ಬೆರೆಸಿ ಆ ನಡುಕವನ್ನು ತಗ್ಗಿಸಿ, 1981ರಲ್ಲಿ ಒತ್ತಡ ಕೋಣೆಯೊಳಗೆ 686 ಮೀಟರ್‌ವರೆಗೆ ಹೋಗಿತ್ತು. ಮೇಲೆ ತೊಂದರೆ ಕೊಡುವ ಸಾರಜನಕದ ಅಮಲು ಇಲ್ಲಿ ಔಷಧಿಯಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿಗಳಲ್ಲೊಂದು.

ಈಗ ದ್ರವದ ಉಸಿರಿಗೆ ಬರೋಣ. ತರ್ಕ ನೇರವಾಗಿದೆ. ತೊಂದರೆ ಕೊಡುತ್ತಿರುವುದು ಅನಿಲವಾದರೆ ಅನಿಲವನ್ನೇ ಹೊರಗಿಟ್ಟುಬಿಡುವುದು. ನೆದರ್ಲ್ಯಾಂಡ್ಸ್ ಮೂಲದ ಯೊಹಾನೆಸ್ ಕೈಲ್‌ಸ್ಟ್ರಾ 1960ರ ದಶಕದ ಆರಂಭದಲ್ಲಿ, ಅಧಿಕ ಒತ್ತಡದಲ್ಲಿ ಆಮ್ಲಜನಕ ಕರಗಿಸಿದ ಉಪ್ಪುನೀರನ್ನು ಇಲಿಗಳು ಉಸಿರಾಡಬಲ್ಲವು ಎಂದು ತೋರಿಸಿದರು. 1966ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಫ್ರ್ಯಾಂಕ್ ಗೋಲಾನ್ ಸಾಮಾನ್ಯ ಒತ್ತಡದಲ್ಲೇ ಇದನ್ನು ಫ್ಲೂರೋಕಾರ್ಬನ್ ದ್ರವದಲ್ಲಿ ಸಾಧಿಸಿದರು. ಈ ಜಾತಿಯ ದ್ರವಗಳ ನೂರು ಮಿಲಿಲೀಟರ್‌ನಲ್ಲಿ ಐವತ್ತು ಮಿಲಿಲೀಟರ್‌ನಷ್ಟು ಆಮ್ಲಜನಕ ಕರಗಬಲ್ಲದು. ನಮ್ಮ ರಕ್ತ ಹೊರುವುದು ಇಪ್ಪತ್ತರಷ್ಟು. ಆಮ್ಲಜನಕ ಒದಗಿಸುವುದು ಸಮಸ್ಯೆಯೇ ಅಲ್ಲ.

ಸಮಸ್ಯೆ ಇರುವುದು ಹೊರಹಾಕುವುದರಲ್ಲಿ. ನಾವು ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ ಇನ್ನೂರು ಮಿಲಿಲೀಟರ್ ಆಸುಪಾಸಿನಲ್ಲಿ ಇಂಗಾಲದ ಡೈ ಆಕ್ಸೈಡ್ ಹೊರಬಿಡುತ್ತೇವೆ. ಅಷ್ಟನ್ನು ದ್ರವದ ಮೂಲಕ ಹೊರಸಾಗಿಸಲು ನಿಮಿಷಕ್ಕೆ ಐದು ಲೀಟರಿನಷ್ಟು ದ್ರವ ಶ್ವಾಸಕೋಶದ ಒಳಹೊರಗೆ ಆಡಬೇಕು. ಕೈಕಾಲು ಆಡಿಸಿ ಕೆಲಸ ಮಾಡಿದರೆ ಅದರ ಎರಡು ಪಟ್ಟು ಬೇಕಾದೀತು. ಈ ದ್ರವ ನೀರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಭಾರ. ಗಾಳಿಯನ್ನು ಎಳೆದು ಬಿಡಲೆಂದು ರೂಪುಗೊಂಡ ನಮ್ಮ ವಪೆ, ಪಕ್ಕೆಲುಬಿನ ಸ್ನಾಯುಗಳು ಅದನ್ನು ಪಂಪ್ ಮಾಡಲಾರದೆ ಸೋಲುತ್ತವೆ. ಪುಟ್ಟ ಇಲಿ ಸ್ವಲ್ಪ ಹೊತ್ತು ನಿಭಾಯಿಸುತ್ತದೆ. ಎಪ್ಪತ್ತು ಕಿಲೋ ತೂಕದ ಮನುಷ್ಯ, ಅದೂ ಭಯದಲ್ಲಿ, ಚಳಿಯಲ್ಲಿ, ಬಡ್‌ನಂತೆ ಅಣ್ವಸ್ತ್ರದ ಸಿಡಿತಲೆ ನಿಷ್ಕ್ರಿಯಗೊಳಿಸುವ ಕೆಲಸದಲ್ಲಿರುವವನು, ಯಂತ್ರದ ಸಹಾಯವಿಲ್ಲದೆ ನಿಭಾಯಿಸಲಾರ. ಆಮ್ಲಜನಕ ಸಾಕಷ್ಟಿದ್ದರೂ ಒಳಗೆ ಕೂಡಿಕೊಂಡ ಇಂಗಾಲದ ಡೈ ಆಕ್ಸೈಡ್‌ನಿಂದಲೇ ಅವನಿಗೆ ಮಂಪರು ಹತ್ತುತ್ತದೆ.

ಅದನ್ನು ಯಂತ್ರದಿಂದ ಬಗೆಹರಿಸಿದೆವು ಅಂದುಕೊಳ್ಳೋಣ. ಆಗಲೂ ಐದು ಕಿಲೋಮೀಟರ್ ದಕ್ಕುವುದಿಲ್ಲ. ಆ ನಡುಕದ ಕಾಯಿಲೆಗೆ ಮೂಲ ಅನಿಲವಲ್ಲ, ನೇರವಾಗಿ ಒತ್ತಡವೇ. ನರಕೋಶಗಳ ಪೊರೆ ಕೊಬ್ಬಿನ ಅಣುಗಳಿಂದಾದದ್ದು. ಒತ್ತಡ ಆ ಅಣುಗಳನ್ನು ಒತ್ತೊತ್ತಾಗಿ ಕೂರಿಸಿ ಪೊರೆಯನ್ನು ಬಿಗಿಗೊಳಿಸುತ್ತದೆ. ಪ್ರೋಟೀನುಗಳು ತಮ್ಮ ಆಕಾರ ಬದಲಿಸಿಕೊಂಡು ಕೆಲಸ ಮಾಡುವುದಕ್ಕೂ ಅಡ್ಡಿಯಾಗುತ್ತದೆ. ಐನೂರು ವಾಯುಭಾರದಲ್ಲಿ ನಮ್ಮಂಥ ಸಸ್ತನಿಯ ನರಮಂಡಲ ನಡೆಯುವುದಿಲ್ಲ, ಉಸಿರಾಡುವುದು ಗಾಳಿಯಾಗಲಿ ದ್ರವವಾಗಲಿ. ಇಳಿಯುತ್ತ ಇಳಿಯುತ್ತ ಬಡ್ ತಡವರಿಸುವುದು, ಅವನು ಟೈಪ್ ಮಾಡುವ ಸಂದೇಶಗಳು ಅರ್ಥ ಕೆಟ್ಟು ಬರುವುದು, ಅವನ ಹೆಂಡತಿ ಲಿಂಡ್ಸಿ ಮೇಲಿನಿಂದ ಮಾತಾಡುತ್ತ ಅವನನ್ನು ಹಿಡಿದಿಡುವುದು ಇದಕ್ಕೇ. ಚಿತ್ರ ಕಾಯಿಲೆಯನ್ನು ಒಪ್ಪಿಕೊಂಡಿದೆ, ಅದರ ಪ್ರಮಾಣವನ್ನು ಮಾತ್ರ ತಗ್ಗಿಸಿದೆ.

ಈ ದ್ರವದ ನಿಜವಾದ ಬದುಕು ಸಮುದ್ರದಲ್ಲಲ್ಲ, ಆಸ್ಪತ್ರೆಯಲ್ಲಿ ಶುರುವಾಯಿತು. ಚಿತ್ರ ತೆರೆಕಂಡ 1989ರಲ್ಲೇ ಫಿಲಡೆಲ್ಫಿಯಾದ ವೈದ್ಯರು, ಬೇರೆ ದಾರಿಯೇ ಉಳಿಯದಿದ್ದ ಅವಧಿಪೂರ್ವ ಶಿಶುವಿನ ಶ್ವಾಸಕೋಶಕ್ಕೆ ಫ್ಲೂರೋಕಾರ್ಬನ್ ದ್ರವ ತುಂಬಿಸಿ ಉಸಿರಾಟ ನಡೆಸಿದ ವರದಿ ಪ್ರಕಟವಾಯಿತು. ದಿನ ತುಂಬದೆ ಹುಟ್ಟಿದ ಕೂಸಿನ ಗಾಳಿಚೀಲಗಳು ಮೇಲ್ಮೈ ಸೆಳೆತದಿಂದ ಅಂಟಿಕೊಂಡುಬಿಡುತ್ತವೆ. ದ್ರವ ಅವನ್ನು ಮೃದುವಾಗಿ ಬಿಡಿಸುತ್ತದೆ. 1990ರ ದಶಕದಲ್ಲಿ ಈ ಕುರಿತು ಇನ್ನಷ್ಟು ಪ್ರಯೋಗಗಳು ನಡೆದವು. ಅದು ದಿನನಿತ್ಯದ ಚಿಕಿತ್ಸೆಯಾಗಿ ಬೆಳೆಯಲಿಲ್ಲ. ಹಾಗಿದ್ದರೂ ಸಿನಿಮಾದ ಗುಲಾಬಿ ದ್ರವ ನೋಡಿದಾಗೆಲ್ಲ ನನಗೆ ನೆನಪಾಗುವುದು ಆ ಶಿಶುಗಳೇ.

(ಲಿಂಡ್ಸಿ ಮುಳುಗಿ ಸತ್ತಂತಾಗಿ ಮತ್ತೆ ಬದುಕುವ ದೃಶ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ತಣ್ಣೀರಿನಲ್ಲಿ ಮುಳುಗಿದವರು ಬಹಳ ಹೊತ್ತಿನ ಮೇಲೂ ಬದುಕಿದ ಉದಾಹರಣೆಗಳು ವೈದ್ಯಕೀಯದಲ್ಲಿ ಇವೆ, ಚಳಿ ಮಿದುಳಿನ ಬೇಡಿಕೆಯನ್ನು ತಗ್ಗಿಸುತ್ತದೆ. ಆದರೆ ಅದು ಅಪರೂಪದ ಅದೃಷ್ಟ. ಬೇಕೆಂದೇ ಮಾಡಬಹುದಾದ ಉಪಾಯ ಎಂದು ಯಾರೂ ತಿಳಿಯಬಾರದು.)

ಇನ್ನು ಆ ಜೀವಿಗಳು. ಜಜ್ಜಿಹೋಗುವುದಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ. ಒಳಗೆ ಗಾಳಿಯಿಲ್ಲದ ದೇಹಕ್ಕೆ ಜಜ್ಜಿಹೋಗುವ ಭಯವಿಲ್ಲ. ಆಳದ ಪ್ರಾಣಿ ಎಂದರೆ ದಪ್ಪ ಚಿಪ್ಪು, ಕಬ್ಬಿಣದಂಥ ಚರ್ಮ ಎಂದು ಹಲವು ಚಿತ್ರಗಳು ಕಲ್ಪಿಸುತ್ತವೆ. ನಿಜ ಇದಕ್ಕೆ ತದ್ವಿರುದ್ಧ. ನಡುನೀರಿನ ಕತ್ತಲಲ್ಲಿ ಸೈಫನೊಫೋರ್, ಬಾಚಣಿಗೆ ಲೋಳೆಮೀನು, ಬಗೆಬಗೆಯ ಅಂಬಲಿ ಮೀನುಗಳದೇ ರಾಜ್ಯ. ಗಾಜಿನಂತೆ ಪಾರದರ್ಶಕ, ಮೈಯೆಲ್ಲ ನೀರು, ಬಲೆಯಲ್ಲಿ ಮೇಲಕ್ಕೆ ತಂದರೆ ಹರಿದು ಚಿಂದಿಯಾಗುವಷ್ಟು ನಾಜೂಕು. ಅವುಗಳಲ್ಲಿ ಹೆಚ್ಚಿನವು ಸ್ವಂತ ಬೆಳಕು ಹೊಮ್ಮಿಸುತ್ತವೆ. ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ಸಂಶೋಧಕರು ವರ್ಷಾನುಗಟ್ಟಲೆಯ ವಿಡಿಯೊಗಳನ್ನು ಪರಿಶೀಲಿಸಿ, ಅಲ್ಲಿನ ನೀರಿನಲ್ಲಿ ಕಂಡ ಪ್ರಾಣಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳಕು ಬೀರುವಂಥವು ಎಂದು 2017ರಲ್ಲಿ ಹೇಳಿದರು. ಆ ಬೆಳಕು ಹೆಚ್ಚಾಗಿ ನೀಲಿ, ಏಕೆಂದರೆ ನೀರಿನಲ್ಲಿ ಅತಿ ದೂರ ಸಾಗುವ ಬಣ್ಣ ಅದು. ಚಿತ್ರದ ಜೀವಿಗಳ ಗುಲಾಬಿ, ನೇರಳೆ ಛಾಯೆಗಳನ್ನು ಬದಿಗಿಟ್ಟರೆ, ಆ ಮೃದುತ್ವ, ಆ ಪಾರದರ್ಶಕತೆ, ಆ ಒಳಬೆಳಕು ಎಲ್ಲವೂ ಆಳಸಮುದ್ರವನ್ನು ಕಂಡವರ ಕಲ್ಪನೆ.

ಮೃದುವಾಗಿದ್ದರೆ ಸಾಕೇ? ಸಾಲದು. ಪೊರೆ ಮತ್ತು ಪ್ರೋಟೀನಿನ ತೊಂದರೆ ಅವಕ್ಕೂ ಇದೆ. ಆಳದ ಜೀವಿಗಳು ತಮ್ಮ ಕೋಶಪೊರೆಯಲ್ಲಿ ಗಟ್ಟಿಯಾಗದ ಬಗೆಯ ಕೊಬ್ಬನ್ನು ಹೆಚ್ಚು ಇಟ್ಟುಕೊಂಡಿರುತ್ತವೆ. ಮೀನುಗಳು ಇದರ ಜೊತೆಗೆ ಟಿಎಂಎಓ ಎಂಬ ಸಣ್ಣ ಅಣುವನ್ನು ಮೈಯಲ್ಲಿ ಕೂಡಿಸಿಕೊಂಡು ಪ್ರೋಟೀನುಗಳನ್ನು ಕಾಪಾಡುತ್ತವೆ. ಸಮುದ್ರದ ಮೀನಿನ ವಾಸನೆಗೆ ಮೂಲವೂ ಈ ಅಣುವೇ. ಆಳ ಹೆಚ್ಚಿದಂತೆ ಅದರ ಪ್ರಮಾಣವೂ ಹೆಚ್ಚಬೇಕು. ಆ ಲೆಕ್ಕ ಹಿಡಿದು ಹೋದರೆ 8,200ರಿಂದ 8,400 ಮೀಟರ್ ಆಳದಲ್ಲಿ ಮೀನಿನ ದೇಹ ಸಮುದ್ರದ ನೀರಿಗಿಂತ ಹೆಚ್ಚು ಸಾಂದ್ರವಾಗಿ, ನೀರನ್ನು ಒಳಕ್ಕೆ ಎಳೆಯತೊಡಗುತ್ತದೆ. ಅದರಾಚೆ ಮೀನು ಇರಲಾರದು ಎಂದು 2014ರಲ್ಲಿ ಪಾಲ್ ಯಾನ್ಸಿ ಮತ್ತು ಸಂಗಡಿಗರು ಅಂದಾಜಿಸಿದರು. ಜಪಾನಿನ ಬಳಿಯ ಇಝು–ಒಗಾಸವಾರ ಕಂದಕದಲ್ಲಿ 2022ರಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಸ್ನೇಲ್‌ಫಿಶ್ ಇದ್ದದ್ದು 8,336 ಮೀಟರ್ ಆಳದಲ್ಲಿ. ಮೊದಲೇ ಕಾಗದದ ಮೇಲೆ ಬರೆದಿಟ್ಟ ಗಡಿಯೊಳಗೇ ಅದು ಸಿಕ್ಕಿತು! ಬೆನ್ನೆಲುಬಿಲ್ಲದ ಪ್ರಾಣಿಗಳು, ಬ್ಯಾಕ್ಟೀರಿಯಾಗಳು ಮರಿಯಾನಾ ಕಂದಕದ ತಳದವರೆಗೂ ಇವೆ. ಹಾಗಾಗಿ ಒತ್ತಡ ಜೀವಕ್ಕೆ ತಡೆಗೋಡೆಯಲ್ಲ.

ತಡೆ ಬೇರೆಡೆ ಇದೆ, ಶಕ್ತಿಯಲ್ಲಿ. ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಬಿರುಕು ಇದೇ. ಕಂದಕದ ತಳದಲ್ಲಿ ಬೆಳಗುವ ಇಡೀ ನಗರ ತೋರಿಸುತ್ತಾರೆ. ಅಲ್ಲಿಗೆ ಬಿಸಿಲು ತಲುಪುವುದಿಲ್ಲ, 1,000 ಮೀಟರ್ ಕೆಳಗೆ ಪೂರ್ತಿ ಕತ್ತಲು. ಮೇಲಿನಿಂದ ಉದುರುವ ಸತ್ತ ಪಾಚಿ, ಹೊಲಸಿನ ಚೂರುಗಳೇ ಅಲ್ಲಿನ ಊಟ. ಅಂಥ ಬಡತನದಲ್ಲಿ ದೇಹಗಳು ನಿಧಾನವಾಗುತ್ತವೆ, ಸ್ನಾಯು ಕರಗುತ್ತದೆ, ದೊಡ್ಡ ಮಿದುಳು ಸಾಕುವುದು ದುಬಾರಿಯಾಗುತ್ತದೆ.

ಇದಕ್ಕೆ ಒಂದು ದೊಡ್ಡ ಅಪವಾದ ಸಿಕ್ಕಿದ್ದು 1977ರ ಫೆಬ್ರವರಿಯಲ್ಲಿ. ಗ್ಯಾಲಪಗೋಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಪುಟ್ಟ ಜಲನೌಕೆಯಲ್ಲಿ ಎರಡೂವರೆ ಕಿಲೋಮೀಟರ್ ಕೆಳಗಿಳಿದ ಭೂವಿಜ್ಞಾನಿಗಳು ಬಿಸಿನೀರಿನ ಬುಗ್ಗೆಗಳನ್ನು ಹುಡುಕಿ ಹೋಗಿದ್ದರು. ಸಿಕ್ಕಿದ್ದು ಜೀವಿಗಳ ತೋಟ. ತಂಡದಲ್ಲಿ ಜೀವವಿಜ್ಞಾನಿಯೇ ಇರಲಿಲ್ಲ. ಮಾದರಿಗಳನ್ನು ಕೆಡದಂತೆ ಇಡಲು ದ್ರಾವಣ ಸಾಲದೆ ಕೆಲವನ್ನು ವೋಡ್ಕಾದಲ್ಲಿ ಅದ್ದಿಟ್ಟರು. ಅಲ್ಲಿನ ದೈತ್ಯ ಕೊಳವೆಹುಳುಗಳಿಗೆ ಬಾಯಿಯಿಲ್ಲ, ಕರುಳಿಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾಗಳು ಬುಗ್ಗೆಯ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಅವಕ್ಕೆ ಉಣಿಸುತ್ತವೆ. ಬಿಸಿಲನ್ನು ನೇರವಾಗಿ ನೆಚ್ಚದೆ ಇಷ್ಟು ಸಮೃದ್ಧ ಬದುಕು ಸಾಧ್ಯ ಎಂದು ಮನುಷ್ಯರಿಗೆ ಕಣ್ಣಾರೆ ಗೊತ್ತಾದದ್ದು ಆಗಲೇ. ಚಿತ್ರದ ಕಥೆ ನಡೆಯುವುದು ಕೆರಿಬಿಯನ್ ಸಮುದ್ರದ ಕೇಮನ್ ಕಂದಕದ ಅಂಚಿನಲ್ಲಿ. ಚಿತ್ರ ಬಂದು ಎರಡು ದಶಕದ ಮೇಲೆ, 2010ರಲ್ಲಿ, ಅದೇ ಕಂದಕದಲ್ಲಿ ಸುಮಾರು ಐದು ಕಿಲೋಮೀಟರ್ ಆಳದಲ್ಲಿ ಬುಗ್ಗೆಗಳ ಗುಂಪು ಸಿಕ್ಕಿತು. ಬೀಬಿ ಬುಗ್ಗೆಗಳೆಂದು ಹೆಸರು, ಗೊತ್ತಿರುವ ಬುಗ್ಗೆಗಳಲ್ಲೇ ಅತ್ಯಂತ ಆಳದವು. ನೀರಿನ ಬಿಸಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಒತ್ತಡದಲ್ಲಿ ಅದು ಕುದಿಯುವುದಿಲ್ಲ. ಸುತ್ತಲೂ ಮಾಸಲು ಬಣ್ಣದ ಸೀಗಡಿಗಳು ಮುತ್ತಿಕೊಂಡಿವೆ. ಮಾಮೂಲಿ ಕಣ್ಣು ಅವಕ್ಕಿಲ್ಲ, ಬೆಳಕು ಗ್ರಹಿಸುವ ಅಂಗ ಬೆನ್ನ ಮೇಲಿದೆ. ಬಡ್ ಇಳಿದ ಆಳ, ಬಡ್ ಇಳಿದ ಕಂದಕ. ಅಲ್ಲಿ ನಿಜಕ್ಕೂ ನಮಗೆ ಅಪರಿಚಿತವಾದ ಬದುಕೊಂದು ಇತ್ತು.

ಹಾಗೆಂದು ಒಂದು ಬುಗ್ಗೆಯ ಸುತ್ತ ನಗರ ಏಳುವುದಿಲ್ಲ. ಬುಗ್ಗೆಗಳ ಆಯಸ್ಸು ಕಡಿಮೆ, ಹರಹು ಕಿರಿದು. ಕೊಳವೆಹುಳುವಿನ ಬ್ಯಾಕ್ಟೀರಿಯಾಗಳಿಗೂ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು, ಅದು ಹುಟ್ಟಿದ್ದು ಮೇಲಿನ ಬಿಸಿಲಿನಲ್ಲಿ. ಈ ಜೀವಿಗಳು ಇಲ್ಲೇ ಹುಟ್ಟಿ ಬೆಳೆದವು ಎಂದರೆ ನಾನು ಒಪ್ಪಲಾರೆ. ಬೇರೆಲ್ಲಿಂದಲೋ ತಮ್ಮ ಶಕ್ತಿಯ ಮೂಲವನ್ನು ಹೊತ್ತು ಬಂದವು ಎಂದರೆ ಒಪ್ಪಬಹುದು, ಕಥೆಯೂ ಆ ಕಡೆಗೇ ವಾಲುತ್ತದೆ. ನೀರನ್ನೇ ಉಪಕರಣವಾಗಿ ಬಳಸುತ್ತಾರೆ ಎಂಬ ಕಲ್ಪನೆ ನನಗೆ ತುಂಬಾ ಹಿಡಿಸಿತು. ನೀರಿನಡಿಯಲ್ಲಿ ಬೆಂಕಿಯಿಲ್ಲ, ಬೆಂಕಿಯಿಲ್ಲದೆ ಲೋಹ ಕರಗಿಸಲಾಗದು. ಅಲ್ಲಿನ ಬುದ್ಧಿವಂತರು ನಮ್ಮ ದಾರಿ ಹಿಡಿಯುವಂತೆಯೇ ಇಲ್ಲ. ಮನುಷ್ಯರ ಮುಖವನ್ನು ಅನುಕರಿಸುವ ಆ ನೀರಿನ ತೋಳು ತೆರೆಯ ಮೇಲಿರುವುದು ಸುಮಾರು 75 ಸೆಕೆಂಡು. ಕಂಪ್ಯೂಟರಿನಲ್ಲಿ ಅದನ್ನು ಮೂಡಿಸಲು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ತಿಂಗಳುಗಟ್ಟಲೆ ದುಡಿಯಿತು. ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಸಿಕ್ಕಿತು.

ಕಡಲಾಳದ ಅನ್ಯಜೀವವನ್ನು ವಿಜ್ಞಾನ ಈಗ ಹುಡುಕುತ್ತಿರುವುದು ಗುರುವಿನ ಚಂದ್ರ ಯುರೋಪಾ, ಶನಿಯ ಚಂದ್ರ ಎನ್ಸೆಲಡಸ್‌ಗಳಲ್ಲಿ. ಎರಡರಲ್ಲೂ ಮಂಜುಗಡ್ಡೆಯ ಹೊದಿಕೆಯಡಿ ಉಪ್ಪುನೀರಿನ ಸಾಗರವಿದೆ ಎಂಬುದಕ್ಕೆ ಬಲವಾದ ಪುರಾವೆಗಳಿವೆ. ಎನ್ಸೆಲಡಸ್‌ನಿಂದ ಚಿಮ್ಮುವ ನೀರಿನಲ್ಲಿ ಹೈಡ್ರೋಜನ್ ಅನಿಲ ಸಿಕ್ಕಿದೆಯೆಂದು ಕ್ಯಾಸಿನಿ ನೌಕೆಯ ತಂಡ 2017ರಲ್ಲಿ ತಿಳಿಸಿತು. ನಮ್ಮ ಬುಗ್ಗೆಗಳ ಕೆಲವು ಸೂಕ್ಷ್ಮಜೀವಿಗಳಿಗೆ ಹೈಡ್ರೋಜನ್ನೇ ಊಟ. ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ರಲ್ಲಿ ಗುರುವನ್ನು ತಲುಪಬೇಕು. ಅದು ಜೀವವನ್ನು ನೇರವಾಗಿ ಹುಡುಕುವುದಿಲ್ಲ, ಜೀವಕ್ಕೆ ಅನುಕೂಲವಿದೆಯೇ ಎಂದು ನೋಡುತ್ತದೆ. ಸಿಕ್ಕರೂ ಮೊದಲು ಸಿಗುವುದು ಸೂಕ್ಷ್ಮಜೀವಿಯ ಸುಳಿವೇ ಇದ್ದೀತು. ನನಗೆ ಅಷ್ಟೇ ಸಾಕು.

ಕೊನೆಯ ದೃಶ್ಯದ ವಿಚಾರ. ಜೀವಿಗಳ ಹಡಗು ತೈಲ ಕೇಂದ್ರವನ್ನು ಎತ್ತಿಕೊಂಡೇ ಮೇಲೆ ಬರುತ್ತದೆ, ಎಲ್ಲರೂ ಬಾಗಿಲು ತೆರೆದು ನಡೆದುಬರುತ್ತಾರೆ. ದೇಹದಲ್ಲಿ ಅರವತ್ತು ವಾಯುಭಾರದ ಅನಿಲ ಕರಗಿರುವವರು ಹೀಗೆ ಮೇಲೆ ಬಂದರೆ ಆ ಅನಿಲ ರಕ್ತದಲ್ಲಿ, ಅಂಗಾಂಶಗಳಲ್ಲಿ ಗುಳ್ಳೆಗಳಾಗಿ ಒಡೆದು ಕ್ಷಣಗಳಲ್ಲಿ ಸಾವು. ನಿಜದಲ್ಲಿ 600 ಮೀಟರಿನಿಂದ ಒತ್ತಡ ಇಳಿಸಲು ಮೂರು ವಾರದ ಆಸುಪಾಸು ಬೇಕು, ಪ್ರತಿ ಮೂವತ್ತು ಮೀಟರಿಗೆ ಒಂದು ದಿನ ಎಂಬುದು ಸ್ಥೂಲ ಲೆಕ್ಕ. ಒತ್ತಡ ಇಳಿಸದೆ ಬಂದ ನಾವು ಸತ್ತಿರಬೇಕಿತ್ತು ಎಂದು ಪಾತ್ರಗಳೇ ಅಚ್ಚರಿಪಡುತ್ತವೆ, ಆ ಜೀವಿಗಳು ಏನೋ ಮಾಡಿರಬೇಕು ಎಂದು ಸುಮ್ಮನಾಗುತ್ತವೆ. ಅದು ವಿವರಣೆಯಲ್ಲ. ಆದರೆ ಸಮಸ್ಯೆ ಇದೆಯೆಂದು ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಅಂಕ ಕೊಡುತ್ತೇನೆ. ಚಿತ್ರತಂಡಕ್ಕೆ ಇದರ ಅನುಭವ ಚೆನ್ನಾಗಿಯೇ ಇತ್ತು. ದಕ್ಷಿಣ ಕೆರೊಲಿನಾದ ಗ್ಯಾಫ್ನಿ ಬಳಿ, ಅರ್ಧಕ್ಕೆ ನಿಂತುಹೋದ ಅಣುಸ್ಥಾವರದ ಕಾಂಕ್ರೀಟ್ ತೊಟ್ಟಿಗೆ ಸುಮಾರು 2.8 ಕೋಟಿ ಲೀಟರ್ ನೀರು ತುಂಬಿಸಿ, ಮೇಲೆ ಕಪ್ಪು ಮಣಿಗಳನ್ನು ತೇಲಿಬಿಟ್ಟು ಕತ್ತಲು ಮಾಡಿ ಅವರು ಚಿತ್ರೀಕರಿಸಿದರು. ತಳದಲ್ಲಿ ಗಂಟೆಗಟ್ಟಲೆ ಕಳೆದ ಕ್ಯಾಮರೂನ್ ಮೇಲೇರುವ ಮುನ್ನ ನೀರಿನಲ್ಲೇ ತಂಗಿ ಒತ್ತಡ ಇಳಿಸಿಕೊಳ್ಳಬೇಕಾಗುತ್ತಿತ್ತು. 2012ರ ಮಾರ್ಚ್ 26ರಂದು ಇದೇ ಕ್ಯಾಮರೂನ್ ಒಬ್ಬರೇ ಮರಿಯಾನಾ ಕಂದಕದ ತಳಕ್ಕೆ ಹೋಗಿಬಂದರು. ಆಗ ಅವರಿಗೆ ಈ ತೊಂದರೆಯಿರಲಿಲ್ಲ, ಏಕೆಂದರೆ ಕೂತಿದ್ದ ದಪ್ಪ ಉಕ್ಕಿನ ಗೋಳದೊಳಗೆ ಒತ್ತಡ ಮೇಲಿನಷ್ಟೇ ಇತ್ತು.

ಆವೃತ್ತಿಯ ಬಗ್ಗೆ: ಮೊದಲ ಸಲ ನೋಡುವವರಿಗೂ ನಾನು 1993ರ ವಿಸ್ತೃತ ಆವೃತ್ತಿಯನ್ನೇ ಹೇಳುತ್ತೇನೆ, ಉದ್ದ 171 ನಿಮಿಷ. 1989ರದರಲ್ಲಿ ಆ ಜೀವಿಗಳು ಬಂದದ್ದೇಕೆ, ಮನುಷ್ಯರ ಬಗ್ಗೆ ಅವಕ್ಕೇನು ಅನಿಸುತ್ತದೆ ಎಂಬುದೇ ಇಲ್ಲ. ವಿಸ್ತೃತ ಆವೃತ್ತಿಯಲ್ಲಿ ಅವು ಬಡ್‌ಗೆ ನಮ್ಮ ಯುದ್ಧಗಳನ್ನು ತೋರಿಸುತ್ತವೆ, ತೀರಗಳ ಮುಂದೆ ಬೆಟ್ಟದೆತ್ತರದ ಅಲೆ ಎಬ್ಬಿಸಿ ನಿಲ್ಲಿಸುತ್ತವೆ. ಆ ಉಪದೇಶ ಕೊಂಚ ಉದ್ದವಾಯಿತು ಎನಿಸಬಹುದು. ಆದರೆ ನೀರನ್ನೇ ಉಪಕರಣವಾಗಿಸಿಕೊಂಡವರ ಶಕ್ತಿ ಎಷ್ಟೆಂಬುದು ಆ ದೃಶ್ಯವಿಲ್ಲದೆ ತಿಳಿಯುವುದಿಲ್ಲ. ನೀವು ನೋಡಿದ್ದರಲ್ಲಿ ಆ ಅಲೆ ಇರಲಿಲ್ಲವೆಂದರೆ ಕಥೆಯ ದೊಡ್ಡದೊಂದು ಭಾಗ ಇನ್ನೂ ಬಾಕಿಯಿದೆ.